ಬಿ ಸೈಡ್ ಖಾಲಿ ಇತ್ತು

ಎರಡನೆಯ ವರ್ಷದ ಡಿಗ್ರಿಯಲ್ಲಿದ್ದಾಗ ನಾವು ನಾಲ್ವರು ಸೇರಿ ಒಂದು ರೇಡಿಯೋ ನಾಟಕ ಶುರು ಮಾಡಿದ್ದೆವು. ಯಾವ ಕೇಂದ್ರದವರೂ ಕೇಳಿರಲಿಲ್ಲ, ನಮಗೇ ಮಾಡಬೇಕು ಅನ್ನಿಸಿತ್ತು. ಒಬ್ಬ ಬರೆಯುತ್ತಿದ್ದ, ಇನ್ನೊಬ್ಬ ಸದ್ದುಗಳ ಉಸ್ತುವಾರಿ. ಮಾತು ನನ್ನದು ಮತ್ತು ನನ್ನ ಬೆಂಚಿನ ಗೆಳತಿಯದು. ಅವಳು ತಾಯಿ, ನಾನು ಮಗಳು. ಜಗಳವಾಡಿ ಮನೆ ಬಿಟ್ಟ ಮಗಳು ಮೂವತ್ತು ವರ್ಷದ ಮೇಲೆ ಹಿಂದಿರುಗುವ ಕಥೆ.

ಸಂಜೆ ತರಗತಿಗಳು ಖಾಲಿಯಾದ ಮೇಲೆ ರೆಕಾರ್ಡಿಂಗ್. ತಟ್ಟೆಯಲ್ಲಿ ಕಾಳು ಉರುಳಿಸಿದರೆ ಮಳೆ, ತಗಡಿನ ಹಾಳೆ ಅಲ್ಲಾಡಿಸಿದರೆ ಗುಡುಗು, ಜರಿಕಾಗದ ಮುದುರಿದರೆ ಬೆಂಕಿ. ಒಬ್ಬರು ತಪ್ಪಿದರೆ ಇಡೀ ದೃಶ್ಯ ಮೊದಲಿನಿಂದ, ಏಕೆಂದರೆ ಕತ್ತರಿಸಿ ಜೋಡಿಸುವ ಸಾಧನ ನಮ್ಮಲ್ಲಿರಲಿಲ್ಲ. ಮಗಳು ಬಾಗಿಲು ಬಡಿದು ಹೋಗುವ ಸದ್ದಿಗೆ ತರಗತಿಯ ಬಾಗಿಲನ್ನೇ ಎಷ್ಟು ಸಲ ಬಡಿದೆವೋ! ಸಿ-60 ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಮೊದಲೆರಡು ದೃಶ್ಯಗಳು ಅದರಲ್ಲಿ ಕೂತವು. ಮೂರನೆಯದು ಬಿ ಸೈಡಿಗೆ ಎಂದುಕೊಂಡೆವು. ಅಷ್ಟರಲ್ಲಿ ಪರೀಕ್ಷೆ ಬಂತು, ಆಮೇಲೆ ಕೆಲಸ, ಮದುವೆ, ವರ್ಗಾವಣೆ.

ಆ ಕ್ಯಾಸೆಟ್ಟನ್ನು ಇಷ್ಟು ವರ್ಷ ಜೋಪಾನ ಮಾಡಿದವನು ಸದ್ದಿನ ಗೆಳೆಯ. ನಾವೆಲ್ಲ ಐವತ್ತು ದಾಟಿದ ಮೇಲೆ ಒಂದು ದಿನ ಫೋನ್ ಮಾಡಿ, "ಬಿ ಸೈಡ್ ಇನ್ನೂ ಖಾಲಿ ಇದೆ, ಬರ್ತೀಯಾ?" ಅಂದ. ಬರುತ್ತೇನೆ ಎಂದ ಮೇಲೆಯೇ ನನಗೆ ಅದು ಯಾವುದರ ಬಿ ಸೈಡ್ ಎಂದು ಹೊಳೆದದ್ದು.

ಟೇಪನ್ನು ಪ್ಲೇಯರಿನ ಹೆಡ್ಡಿಗೆ, ಅಂದರೆ ಸದ್ದು ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ಪ್ಯಾಡು ಅಂಟು ಒಣಗಿ ಉದುರಿತ್ತು. ಅವನು ಟೇಪನ್ನು ಬಿಚ್ಚಿ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಿದ. ಮೊದಲ ಸಲ ಕೇಳಿದಾಗ ನಮ್ಮ ದನಿಗಳು ಎಷ್ಟು ಎಳೆಯವೆನಿಸಿದವೆಂದರೆ ಗೆಳತಿ ನನ್ನ ಕೈ ಹಿಡಿದುಕೊಂಡಳು. ಅವನು ಮಾತ್ರ ದನಿಯ ಹಿಂದಿನ ಗುಂಯ್ ಸದ್ದನ್ನು ಕೇಳುತ್ತಿದ್ದ. ಅಂದು ನಾವೆಲ್ಲ ಶಪಿಸಿದ ಸದ್ದು ಅದು, ಕರೆಂಟಿನದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ, ಆದ್ದರಿಂದ ಆ ಗುಂಯ್ ಕೂಡ 50 ಹರ್ಟ್ಸ್ ಅಥವಾ ಅದರ ಗುಣಕಗಳಲ್ಲಿ ಇರಬೇಕು. ಕಂಪ್ಯೂಟರಿನಲ್ಲಿ ಅಳೆದರೆ 51.5. ಅಂದರೆ ಟೇಪು ನೂರಕ್ಕೆ ಮೂರರಷ್ಟು ಬೇಗ ಓಡುತ್ತಿತ್ತು. ಅವನು ವೇಗ ಸರಿಪಡಿಸಿದ. ಆಗ ಸ್ಪೀಕರಿನಿಂದ ಬಂದದ್ದು ನಿಜವಾಗಿ ನನ್ನದೇ ಹತ್ತೊಂಬತ್ತರ ದನಿ. ನಾವು ಬೇಡವೆಂದ ಸದ್ದೇ ನಮ್ಮನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲವನ್ನೂ ಹೊಸದಾಗಿ ರೆಕಾರ್ಡ್ ಮಾಡೋಣ ಎಂಬುದು ಬರಹಗಾರನ ಆಸೆ. ನಾನು ಒಪ್ಪಲಿಲ್ಲ. ವಯಸ್ಸಾದಂತೆ ಹೆಂಗಸರ ದನಿ ತಗ್ಗುತ್ತದೆ, ಆ ಮಗಳ ದನಿಯನ್ನು ಈಗ ನಾನು ಅನುಕರಿಸಬಲ್ಲೆನೇ ಹೊರತು ಮರಳಿ ತರಲಾರೆ. ಹಳೆಯ ದೃಶ್ಯಗಳು ಹಾಗೇ ಇರಲಿ, ಮೂರನೆಯದನ್ನು ಮಾತ್ರ ಈಗಿನ ದನಿಯಲ್ಲಿ ಮಾಡೋಣ ಎಂದೆ.

ಮೂರನೆಯ ದೃಶ್ಯದ ಹಸ್ತಪ್ರತಿ ಬರಹಗಾರನ ಹಳೆಯ ನೋಟ್‌ಬುಕ್ಕಿನಲ್ಲಿತ್ತು. ತಾಯಿ ಮಗಳನ್ನು ಕ್ಷಮಿಸುವ ಮಾತೇ ಮೂರು ಪುಟ. ಓದಿ ಮುಗಿಸಿದ ಗೆಳತಿ, "ಅಮ್ಮಂದಿರು ಹೀಗೆ ಮಾತಾಡಲ್ಲ ಕಣೋ" ಅಂದಳು. ಅವಳ ಮಗಳು ದೂರದಲ್ಲಿದ್ದಾಳೆ. ಹತ್ತೊಂಬತ್ತರಲ್ಲಿ ಅವಳು ತಾಯಿಯ ಪಾತ್ರಕ್ಕಾಗಿ ದನಿ ನಡುಗಿಸುತ್ತಿದ್ದಳು, ಮುದುಕಿಯರೆಲ್ಲ ನಡುಗುತ್ತಲೇ ಮಾತಾಡುತ್ತಾರೆಂದು ಆಗ ನಾವು ನಂಬಿದ್ದೆವು. ಈಗ ಅವಳಿಗೆ ನಡುಗಿಸುವುದು ಬೇಕಿರಲಿಲ್ಲ. ಬರಹಗಾರನಿಗೆ ನೋವಾಯಿತು. ಎರಡು ವಾರ ಫೋನ್ ಎತ್ತಲಿಲ್ಲ. ಈ ನಾಟಕ ಮತ್ತೆ ನಿಂತೇ ಹೋಯಿತೆಂದು ನಾನು ಹೆದರಿದ್ದೆ.

ಕೊನೆಗೆ ಅವನಿಂದ ಒಂದೇ ಒಂದು ಪುಟ ಬಂತು. ಬಾಗಿಲು ತೆರೆಯುತ್ತದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ತಾಯಿ, "ಬಾಗಿಲು ಹಾಕ್ಕೊಂಡು ಬಾ, ಗಾಳಿ ಬರ್ತಿದೆ" ಅನ್ನುತ್ತಾಳೆ. ಅವನು ಬರೆದಿದ್ದರಲ್ಲೆಲ್ಲ ಇದೇ ಶ್ರೇಷ್ಠ ಎಂದು ನಾನು ಅವನಿಗೆ ಹೇಳಿದ್ದೇನೆ, ಇಲ್ಲಿಯೂ ಬರೆದಿಡುತ್ತೇನೆ.

ರೆಕಾರ್ಡಿಂಗ್ ಒಂದು ಭಾನುವಾರ. ಕಿಟಕಿಗೆ ಕಂಬಳಿ ಕಟ್ಟಿ ಫ್ಯಾನ್ ಆರಿಸಿದೆವು. ಈಗ ತುಂಡು ತುಂಡಾಗಿ ಮಾಡಿ ಜೋಡಿಸಬಹುದು, ಆದರೂ ನಾವು ಹಳೆಯ ರೂಢಿಯಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಮಾಡಿದೆವು. ಏಳನೆಯ ಸಲಕ್ಕೆ ಸರಿಹೋಯಿತು. ನಾನು ಬಾಗಿಲನ್ನು ಈ ಸಲ ಮೆಲ್ಲಗೆ ಹಾಕಿದೆ.

ಎದ್ದೇಳಲು ಹೊರಟವರನ್ನು ಸದ್ದಿನ ಗೆಳೆಯ ಕೈಸನ್ನೆಯಲ್ಲೇ ತಡೆದ. ಮಾತುಗಳ ನಡುವಿನ ಸಂದು ತುಂಬಲು ಕೋಣೆಯ ಬರೀ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಬೇಕಂತೆ. "ಒಂದು ನಿಮಿಷ ಯಾರೂ ಕದಲಬೇಡಿ" ಅಂದ. ನಾವು ನಾಲ್ವರೂ ಇದ್ದಲ್ಲೇ ಕೂತೆವು. ಗೆಳತಿಯ ಮಡಿಲಲ್ಲಿ ಆ ಒಂದು ಪುಟ. ಬರಹಗಾರ ಕಣ್ಣು ಮುಚ್ಚಿದ್ದ. ಮೈಕಿನ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು.