ಹಿತ್ತಲ ಗೋಡೆ ಮತ್ತು ಎರೆ ಮಣ್ಣು: ನಾಲ್ಕು ತಿಂಗಳ ಲೆಕ್ಕ

ತಿ. ನರಸೀಪುರದ ಕಡೆ ನಮ್ಮದೊಂದು ತೋಟದ ಮನೆ. ಎರಡೇ ಕೋಣೆ. ಹಿತ್ತಲು ದಾಟಿದರೆ ಇಳಿಜಾರು, ಅದರ ಕೆಳಗೆ ಗದ್ದೆ. ನೆಲ ಪೂರ್ತಿ ಎರೆ, ಅಂದರೆ ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುವ ಕಪ್ಪು ಮಣ್ಣು.

ಏಪ್ರಿಲ್. ಅಡುಗೆಮನೆ ಮೂಲೆಯ ಬಿರುಕಿಗೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದೆ. ಅಗಲ 5 ಮಿ.ಮೀ. ಹಿತ್ತಲ ಬಿರುಕಿಗೆ ಮೂರಡಿ ಕೋಲು ಬಿಟ್ಟರೆ ಪೂರ್ತಿ ಇಳಿಯಿತು! ಇಳಿಜಾರಿನ ಅಂಚಿನ ತಡೆಗೋಡೆ ಆಗಲೇ ಹೊಟ್ಟೆ ಬಿಟ್ಟಿದೆ. ಮೇಸ್ತ್ರಿ ನೋಡಿ, "ಬಿರುಕಿಗೆ ಸಿಮೆಂಟ್ ತುಂಬಿ, ಗೋಡೆ ಎತ್ತರಿಸ್ಬುಡವ ಸಾ" ಅಂದರು. ನಾನು ಒಪ್ಪಲಿಲ್ಲ.

ಮೇ. ಮಣ್ಣು ಎಷ್ಟು ಉಬ್ಬುತ್ತದೆ ಅಂತ ನೋಡಿದೆ. ಒಣಗಿಸಿ, ಕುಟ್ಟಿ, 425 ಮೈಕ್ರಾನ್ ಜರಡಿ ಹಿಡಿದ ಮಣ್ಣು ತಲಾ 10 ಗ್ರಾಂ. ಒಂದು ಅಳತೆ ಜಾಡಿಗೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. (ಸೀಮೆಎಣ್ಣೆ ಹುಡುಕೋದೇ ದೊಡ್ಡ ಕೆಲಸವಾಯಿತು.) ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ, ಅದಕ್ಕೇ ಅದು. 24 ಗಂಟೆ ಬಿಟ್ಟು ನೋಡಿದರೆ ಎಣ್ಣೆಯಲ್ಲಿ 11 ಮಿ.ಲೀ., ನೀರಿನಲ್ಲಿ 19. ಅಂದರೆ ಸುಮಾರು ಶೇ. 73 ಉಬ್ಬು. 50 ದಾಟಿದರೇ ಹುಷಾರಾಗಬೇಕು.

ಇಳಿಜಾರಲ್ಲಿ ಇದರ ಆಟವೇ ಬೇರೆ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ನೀರು ನೇರ ಬಿರುಕಿನೊಳಗೆ ಇಳಿಯುತ್ತದೆ, ಮಣ್ಣು ಕೆಳಗಡೆಗೆ ಉಬ್ಬುತ್ತದೆ. ಒಣಗಿದಾಗ ಪೂರ್ತಿ ವಾಪಸ್ ಬರುವುದಿಲ್ಲ. ವರ್ಷ ವರ್ಷ ಒಂದಿಷ್ಟು ಜಾರುತ್ತದೆ, ಕೊನೆಗೊಂದು ಜೋರು ಮಳೆ ಸಾಕು. 2021ರಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದಿದ್ದು ನೆನಪಿದೆ ಅಲ್ವಾ? ಅಲ್ಲಿನ ಮಣ್ಣು ಬೇರೆ, ಆದರೆ ಕೆಡವಿದ್ದು ಮಳೆ ನೀರೇ.

ಜೂನ್. ಇಲ್ಲಿ ನಾನೇ ಎಡವಿದೆ. ಸೂರಿನ ನೀರು ಸಾಗಿಸಲು ಹಿತ್ತಲಲ್ಲಿ ಸುಮ್ನೆ ಒಂದು ಕಾಲುವೆ ತೋಡಿಸಿದೆ, ಒಳಗೆ ಏನೂ ಹಾಕಿಸಲಿಲ್ಲ. ಮೊದಲ ಮಳೆಗೇ ನೀರು ಅಲ್ಲೇ ನಿಂತು, ಬಿರುಕಿಗೆ ಇಳಿದು, ತಡೆಗೋಡೆ ಇನ್ನೂ ಒಂದು ಬೆರಳು ವಾಲಿತು. ಎರೆಯಲ್ಲಿ ಹಸಿ ಕಾಲುವೆ ತೋಡುವುದೂ ಒಂದೇ, ನೀರಿಗೆ ಬಾಗಿಲು ತೆಗೆಯುವುದೂ ಒಂದೇ. ಮೇಸ್ತ್ರಿ ಏನೂ ಅನ್ನಲಿಲ್ಲ, ನಕ್ಕರು ಅಷ್ಟೆ.

ಜುಲೈ. ಕಾಲುವೆಗೆ ಕಾಂಕ್ರೀಟ್ ಹಾಕಿಸಿ, ನೀರನ್ನು ಇಳಿಜಾರು ದಾಟಿಸಿ ಗದ್ದೆ ಬದಿಯ ಹಳ್ಳಕ್ಕೆ ಬಿಟ್ಟಿದ್ದೇವೆ. ಮನೆ ಸುತ್ತ ಐದಡಿ ಅಗಲ ಕಾಂಕ್ರೀಟ್, ಅಡಿಗೆ ಅರ್ಧ ಇಂಚು ಇಳಿತ. ಗೋಡೆ ಪಕ್ಕದ ತೆಂಗಿನ ಪಾತಿ ಮುಚ್ಚಿಸಿದೆ. ಅಮ್ಮನಿಗೆ ಇನ್ನೂ ಕೋಪ. ವಾಲಿದ ತಡೆಗೋಡೆ ಬಿಚ್ಚಿ ಮತ್ತೆ ಕಟ್ಟಿಸಿದೆ. ಮೊದಲು ಹಿಂದೆ ತುಂಬಿದ್ದು ಅದೇ ಎರೆ, ಒಂದು ತೂತೂ ಇರಲಿಲ್ಲ. ಈಗ ಹಿಂದೆ ಜಲ್ಲಿ ತುಂಬಿದ್ದೇವೆ, ಗೋಡೆಯಲ್ಲಿ ಪಿವಿಸಿ ಪೈಪಿನ ತುಂಡುಗಳಿವೆ. ಮೊನ್ನೆ ಮಳೆಗೆ ಅವುಗಳಿಂದ ಕೆಸರು ನೀರು ಸುರಿಯಿತು. ನೋಡುತ್ತ ಬಹಳ ಹೊತ್ತು ನಿಂತಿದ್ದೆ.

ಅಡುಗೆಮನೆ ಬಿರುಕು ಈಗ 2 ಮಿ.ಮೀ. ಇದನ್ನು ನಂಬೋ ಹಾಗಿಲ್ಲ, ಮಳೆಗಾಲದಲ್ಲಿ ಅದು ತಾನಾಗೇ ಮುಚ್ಚಿಕೊಳ್ಳುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಅಳೆದ ಮೇಲೆಯೇ ಸುಣ್ಣ ಬಳಿಸುವುದು. ಇಳಿಜಾರಿಗೆ ಲಾವಂಚದ ಸಸಿ ಬರುವ ವಾರ.