ವಾಪಸಾಗುವ ಹೊತ್ತಿನಿಂದ ಹಿಂದಕ್ಕೆ ಎಣಿಸುವುದು

14 ನವೆಂಬರ್ 2025, ಶುಕ್ರವಾರ

ರಜೆಗೆ ಒಂದೇ ಊರಿನಲ್ಲಿ ಬಿಡಾರ ಹೂಡಿ, ದಿನಕ್ಕೊಂದು ದಿಕ್ಕಿಗೆ ಕಾರಿನಲ್ಲಿ ಹೋಗಿ ರಾತ್ರಿಗೆ ಮರಳುವುದರಲ್ಲಿ ದೊಡ್ಡ ಸುಖವೊಂದಿದೆ: ದಿನಾ ಚೀಲ ಕಟ್ಟಿ ಬಿಚ್ಚುವ ರಗಳೆಯಿಲ್ಲ. ಕೆಡುವುದು ಜಾಗಗಳ ಪಟ್ಟಿ ಮಾಡುವಾಗ. ಸುತ್ತ 150 ಕಿ.ಮೀ. ಒಳಗೆ ಏನೇನಿದೆ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ಬರೆದಿಟ್ಟುಕೊಂಡರೆ ರಜೆಯೆಲ್ಲ ಕಾರಿನ ಕಿಟಕಿಯಲ್ಲೇ ಕಳೆಯುತ್ತದೆ. 100 ಕಿ.ಮೀ. ದೂರವನ್ನು ಗಂಟೆಗೆ 80ರ ಸರಾಸರಿ ಸಿಗುವ ಹೆದ್ದಾರಿಯಲ್ಲಿ ಒಂದೂಕಾಲು ಗಂಟೆಯಲ್ಲಿ ಮುಗಿಸಬಹುದು. 40ರ ಸರಾಸರಿಯ ಘಾಟಿಯಲ್ಲಿ ಅದಕ್ಕೇ ಎರಡೂವರೆ ಗಂಟೆ ಬೇಕು. ಆದ್ದರಿಂದ ಇವತ್ತಿನ ಪಟ್ಟಿಯಲ್ಲಿ ಮೊದಲು ಮಾಡಿದ ಕೆಲಸ, ಕಿಲೋಮೀಟರಿನ ಅಂಕಣ ಅಳಿಸಿ ಅಲ್ಲಿ ನಿಮಿಷ ಬರೆದದ್ದು.

ನಿಮಿಷ ಬರೆಯುವಾಗಲೂ ಎಚ್ಚರ ಬೇಕು. ಮೊಬೈಲಿನ ಮ್ಯಾಪ್ ರಾತ್ರಿ ಹತ್ತಕ್ಕೆ ತೋರಿಸುವ ಸಮಯ ಆ ಹೊತ್ತಿನ ಖಾಲಿ ರಸ್ತೆಯದು. ಹೊರಡುವ ವಾರ ಮತ್ತು ಹೊತ್ತನ್ನು ಕೊಟ್ಟು ಕೇಳಿದರೆ ಬೇರೆಯೇ ಅಂಕಿ ಬರುತ್ತದೆ. ಅದೂ ಒಂದು ಅಂದಾಜಿನ ಪಟ್ಟೆ, ಉದಾಹರಣೆಗೆ 1 ಗಂಟೆ 20 ನಿಮಿಷದಿಂದ 2 ಗಂಟೆ. ಆಗ ದೊಡ್ಡ ಅಂಕಿಯನ್ನೇ ಹಿಡಿಯಬೇಕು. ಪಟ್ಟೆ ಸಿಗದಿದ್ದರೆ ಹೆದ್ದಾರಿಗೆ ಶೇ. 15, ತಿರುವುಗಳ ರಸ್ತೆಗೆ ಶೇ. 30 ಸೇರಿಸಿಕೊಳ್ಳುವುದು ಲೇಸು. ಲಾರಿಯ ಹಿಂದೆ ಸಿಕ್ಕಿಕೊಳ್ಳುವುದು, ದಾರಿ ತಪ್ಪಿ ತಿರುಗಿಸುವುದು, ಯಾರಿಗೋ ಹೊಟ್ಟೆ ತೊಳಸುವುದು ಎಲ್ಲ ಮ್ಯಾಪಿನ ಲೆಕ್ಕಕ್ಕೆ ಸಿಗುವುದಿಲ್ಲ.

ಈಗ ಲೆಕ್ಕ. ಸಂಜೆ ಆರೂವರೆಗೆ ಬಿಡಾರ ಸೇರಬೇಕು, ಬೆಳಗ್ಗೆ ಎಂಟಕ್ಕೆ ಹೊರಡಬಹುದು ಎಂದಿಟ್ಟುಕೊಳ್ಳೋಣ. ಕೈಯಲ್ಲಿರುವುದು ಹತ್ತೂವರೆ ಗಂಟೆ. ಊಟಕ್ಕೆ 1 ಗಂಟೆ, ದಾರಿಯ ಸಣ್ಣ ನಿಲುಗಡೆಗಳಿಗೆ 45 ನಿಮಿಷ, ಪ್ರತಿ ಜಾಗದಲ್ಲೂ ಕಾರು ನಿಲ್ಲಿಸಿ, ನಡೆದು, ಟಿಕೆಟ್ ಪಡೆಯುವುದಕ್ಕೆ ಅರ್ಧ ಗಂಟೆ. ಎರಡು ಜಾಗಗಳಾದರೆ ಇಷ್ಟಕ್ಕೇ 2 ಗಂಟೆ 45 ನಿಮಿಷ ಹೋಯಿತು. ಉಳಿದದ್ದು 7 ಗಂಟೆ 45 ನಿಮಿಷ. ಒಂದು ಕಡೆಗೆ ಎರಡು ಗಂಟೆಯ ದಾರಿಯಾದರೆ ಹೋಗಿ ಬರಲು ನಾಲ್ಕು, ಶೇ. 15 ಸೇರಿಸಿದರೆ ಸುಮಾರು 4 ಗಂಟೆ 35 ನಿಮಿಷ. ಎರಡು ಜಾಗಗಳನ್ನೂ ನೋಡಲು ಸಿಗುವುದು ಮೂರು ಗಂಟೆ ಚಿಲ್ಲರೆ ಮಾತ್ರ. ದಾರಿ ಒಂದೂಕಾಲು ಗಂಟೆಯದಾದರೆ ಅದೇ ದಿನದಲ್ಲಿ ನೋಡಲು ಸಿಗುವುದು ಐದು ಗಂಟೆಗೆ ಹತ್ತಿರ. ದಾರಿಯಲ್ಲಿ ಮುಕ್ಕಾಲು ಗಂಟೆ ಕಡಿಮೆಯಾದರೆ ನೋಡುವ ಹೊತ್ತು ಅರ್ಧಪಟ್ಟಿಗಿಂತ ಹೆಚ್ಚು ಬೆಳೆಯುತ್ತದೆ, ಏಕೆಂದರೆ ಆ ಉಳಿತಾಯ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸಿಗುತ್ತದೆ.

ಒಂದು ಕಡೆಗೆ ಎರಡು ಗಂಟೆ ಮೀರಿದ ಜಾಗವನ್ನು ದಿನದ ಸುತ್ತಾಟದ ಪಟ್ಟಿಯಿಂದ ಕಿತ್ತುಹಾಕುವುದೇ ಸರಿ. ತೀರಾ ನೋಡಲೇಬೇಕೆನಿಸಿದರೆ ಅದೊಂದಕ್ಕೇ ಇಡೀ ದಿನ ಕೊಡಬೇಕು, ಜೊತೆಗೆ ಇನ್ನೊಂದು ಜಾಗ ಪೋಣಿಸಬಾರದು. ದಾರಿಯಲ್ಲಿದೆಯಲ್ಲ, ಹಾಗೇ ನೋಡಿಬಿಡೋಣ ಎಂಬ ಮಾತೇ ಹೆಚ್ಚಿನ ದಿನಗಳನ್ನು ಕೆಡಿಸುವುದು.

ಮುಂದಿನ ಜರಡಿ ದಿಕ್ಕಿನದು. ಪಟ್ಟಿಯ ಜಾಗಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ, ಬಿಡಾರದಿಂದ ಹೊರಡುವ ರಸ್ತೆಗಳ ಪ್ರಕಾರ ಗುಂಪು ಮಾಡಬೇಕು. ನಕ್ಷೆಯಲ್ಲಿ ಅಕ್ಕಪಕ್ಕ ಕಾಣುವ ಎರಡು ಜಾಗಗಳ ನಡುವೆ ನದಿಯೋ ಬೆಟ್ಟದ ಸಾಲೋ ಇದ್ದರೆ ಅವು ಎರಡು ಬೇರೆ ದಿನಗಳ ಜಾಗಗಳು. ಒಂದೇ ರಸ್ತೆಯ ಮೇಲಿರುವ ಎರಡನ್ನು ಜೋಡಿಸಿದರೆ ದೂರದ್ದನ್ನು ಮೊದಲು ನೋಡಿ, ಹತ್ತಿರದ್ದನ್ನು ವಾಪಸು ಬರುವಾಗ ಇಟ್ಟುಕೊಳ್ಳಬೇಕು. ಹೊತ್ತು ಸಾಲದೆ ಬಂದರೆ ಬಿಡುವುದು ಹತ್ತಿರದ್ದನ್ನು. ಅದಕ್ಕೆ ಇನ್ನೊಂದು ದಿನ ಅರ್ಧ ಹೊತ್ತಿನಲ್ಲಿ ಹೋಗಿ ಬರಬಹುದು.

ಸೂರ್ಯನನ್ನು ಮರೆಯುವವರೇ ಹೆಚ್ಚು. ಬೆಳಗ್ಗೆ ಪೂರ್ವಕ್ಕೆ ಹೊರಟು ಸಂಜೆ ಪಶ್ಚಿಮಕ್ಕೆ ಮರಳಿದರೆ ಎರಡೂ ಹೊತ್ತು ಬಿಸಿಲು ನೇರ ಕಣ್ಣಿಗೆ. ಗಾಜಿನ ಮೇಲೆ ಧೂಳಿದ್ದರಂತೂ ಎದುರಿನ ಸೈಕಲ್ ಸವಾರ ಕಾಣುವುದೇ ಇಲ್ಲ. ಬಿಡಾರದ ಪಶ್ಚಿಮಕ್ಕಿರುವ ಜಾಗಗಳಿಗೆ ಈ ಕಾಟವಿಲ್ಲ, ಹೋಗುವಾಗಲೂ ಬರುವಾಗಲೂ ಸೂರ್ಯ ಬೆನ್ನಿಗೆ. ಪೂರ್ವಕ್ಕೇ ಹೋಗಬೇಕಾದರೆ ಸೂರ್ಯ ಸ್ವಲ್ಪ ಮೇಲೇರಿದ ಮೇಲೆ ಹೊರಟು, ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಬಿಡಾರ ಮುಟ್ಟುವಷ್ಟು ಹತ್ತಿರದ್ದನ್ನು ಆರಿಸುವುದು ಒಳ್ಳೆಯದು. ಹಗಲಿನ ಉದ್ದವನ್ನೂ ನೋಡಬೇಕು. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಸುಮಾರು 12 ಗಂಟೆ ಹಗಲು. ಉತ್ತರಕ್ಕೆ 60ನೇ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಗೆ ಸುಮಾರು 6 ಗಂಟೆ ಮಾತ್ರ. ಕಣಿವೆಯಲ್ಲಿ ಪಂಚಾಂಗದ ಸೂರ್ಯಾಸ್ತಕ್ಕೆ ಬಹಳ ಮೊದಲೇ ಬಿಸಿಲು ಬೆಟ್ಟದ ಹಿಂದೆ ಸರಿದಿರುತ್ತದೆ.

ಹೋದ ದಾರಿಯಲ್ಲೇ ಬರುವುದೋ, ಸುತ್ತು ಹಾಕಿ ಬರುವುದೋ? ಸುತ್ತುದಾರಿ ನೋಡಲು ಚೆಂದ. ಆದರೆ ಅರ್ಧ ದಾರಿ ದಾಟಿದ ಮೇಲೆ ರಸ್ತೆ ಮುಚ್ಚಿದ್ದರೆ, ಬಂದಷ್ಟನ್ನೂ ತಿರುಗಿ ಹೋಗಬೇಕು. ಸುತ್ತು ಹಾಕುವುದಾದರೆ ಕಷ್ಟದ ರಸ್ತೆಯನ್ನು ಬೆಳಗ್ಗೆ ಮುಗಿಸಿ, ಅಗಲವಾದ ಹೆದ್ದಾರಿಯನ್ನು ಸಂಜೆಗೆ ಬಿಡಬೇಕು. ಕತ್ತಲಾದರೂ, ಮಳೆ ಹಿಡಿದರೂ, ದಣಿದಿದ್ದರೂ ಹೆದ್ದಾರಿಯಲ್ಲಿ ಹೇಗೋ ಬರಬಹುದು. ಚಾಲಕರು ಎರಡು ಗಂಟೆಗೊಮ್ಮೆ ಕನಿಷ್ಠ 15 ನಿಮಿಷ ನಿಲ್ಲಬೇಕೆಂದು ಬ್ರಿಟನ್ನಿನ ಹೈವೇ ಕೋಡ್ ಹೇಳುತ್ತದೆ. ಊಟದ ನಂತರ ಎರಡರಿಂದ ನಾಲ್ಕರ ನಡುವೆ ಮಂಪರು ಹೆಚ್ಚು. ದಿನದ ಉದ್ದನೆಯ ಸವಾರಿ ಆ ಹೊತ್ತಿಗೆ ಬೀಳದಂತೆ ಜೋಡಿಸಿಕೊಂಡರೆ ಅರ್ಧ ಗೆದ್ದಂತೆ.

ಬಾಗಿಲು ಮುಚ್ಚುವ ಲೆಕ್ಕ ಇನ್ನೊಂದು. ಬಹಳ ದೇಶಗಳಲ್ಲಿ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ. ಮುಚ್ಚುವ ಹೊತ್ತು ಐದು ಎಂದು ಬರೆದಿದ್ದರೆ ಕೊನೆಯ ಪ್ರವೇಶ ಅದಕ್ಕೂ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಮುಗಿದಿರುವುದುಂಟು. ರಸ್ತೆಗಳಿಗೂ ಬಾಗಿಲಿದೆ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಇಟಲಿಯ 2,757 ಮೀಟರ್ ಎತ್ತರದ ಸ್ಟೆಲ್ವಿಯೋ ಕಣಿವೆದಾರಿ ಚಳಿಗಾಲವಿಡೀ ಹಿಮದಿಂದ ಮುಚ್ಚಿರುತ್ತದೆ; ಬೇಸಿಗೆಯಲ್ಲಿ ತೆರೆದಾಗಲೂ ಉತ್ತರದ ಕಡೆಯಿಂದ ಏರಿದರೆ 48 ಹಿಮ್ಮುರಿ ತಿರುವುಗಳು. ಇಂಗ್ಲೆಂಡಿನ ಲಿಂಡಿಸ್ಫಾರ್ನ್ ದ್ವೀಪಕ್ಕೆ ಹೋಗುವ ರಸ್ತೆಯನ್ನು ಸಮುದ್ರ ದಿನಕ್ಕೆರಡು ಬಾರಿ ನುಂಗುತ್ತದೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ, ಸೋಮವಾರ ಸರಿಹೋದ ಹೊತ್ತು ಗುರುವಾರ ಸರಿಹೋಗುವುದಿಲ್ಲ. ಇಂಥ ಜಾಗಕ್ಕೆ ಉಬ್ಬರದ ವೇಳಾಪಟ್ಟಿ ನೋಡಿ ಮೊದಲು ದಿನ ಗೊತ್ತುಮಾಡಿ, ಉಳಿದವನ್ನು ಅದರ ಸುತ್ತ ಕೂರಿಸಬೇಕು.

ಎತ್ತರದ ಜಾಗಗಳಿಗೆ ದಿನ ನಿಗದಿ ಮಾಡಲೇಬಾರದು. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ತಾಪ ಇಳಿಯುತ್ತದೆ. ಬಿಡಾರದಲ್ಲಿ 24 ಇದ್ದರೆ 1,800 ಮೀಟರ್ ಮೇಲೆ 12ರ ಆಸುಪಾಸು, ಗಾಳಿ ಬೇರೆ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ತುದಿಗೆ ಮೋಡ ಕಟ್ಟುವುದು ಸಾಮಾನ್ಯವಾದ್ದರಿಂದ ನೋಟದ ಜಾಗಗಳನ್ನು ಬೆಳಗ್ಗೆಯೇ ಮುಗಿಸಬೇಕು. ಹಿಂದಿನ ರಾತ್ರಿ ಹವಾಮಾನ ನೋಡಿ, ಆಕಾಶ ತಿಳಿಯಾಗಿರುವ ದಿನವನ್ನು ಬೆಟ್ಟಕ್ಕೆ ಕೊಟ್ಟು, ಮಳೆಯ ದಿನಕ್ಕೆ ಮ್ಯೂಸಿಯಂ, ಗುಹೆ ಇಂಥವನ್ನು ಇಟ್ಟುಕೊಳ್ಳುವುದು. ಗುಹೆಯಾದರೆ ಜೋರು ಮಳೆಗೆ ಒಳಗೆ ನೀರು ನುಗ್ಗುವುದೇ ಎಂದು ಕೇಳಿಕೊಂಡಿರಬೇಕು.

ಎಲೆಕ್ಟ್ರಿಕ್ ಕಾರಿನವರಿಗೆ ಎತ್ತರ ಇನ್ನೊಂದು ಲೆಕ್ಕ. ಎರಡು ಟನ್ ಭಾರದ ಕಾರನ್ನು 1,000 ಮೀಟರ್ ಎತ್ತರಕ್ಕೆ ಎತ್ತಲು ಮಾತ್ರವೇ ಸುಮಾರು 5.4 ಕಿಲೋವ್ಯಾಟ್ ಅವರ್ ಬೇಕು. ರಸ್ತೆಯ ಮಾಮೂಲಿ ಖರ್ಚು ಇದರ ಮೇಲೆ. ಇಳಿಯುವಾಗ ಒಂದಷ್ಟು ವಾಪಸು ಬರುತ್ತದೆ, ಎಲ್ಲವೂ ಅಲ್ಲ. ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಬೆಟ್ಟದ ಮೇಲಿಂದ ಹೊರಟರೆ ಆ ವಾಪಸಿಗೂ ಜಾಗವಿಲ್ಲ. ವೇಗದ ಚಾರ್ಜರಿನಲ್ಲಿ ಶೇ. 80 ದಾಟಿದ ಮೇಲೆ ತುಂಬುವುದು ನಿಧಾನವಾಗುವುದರಿಂದ, ದಾರಿಯ ಚಾರ್ಜಿಂಗನ್ನು ಅಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ರಾತ್ರಿ ಬಿಡಾರದಲ್ಲಿ ಮಾಡಿಕೊಳ್ಳಬೇಕು. ಪೆಟ್ರೋಲ್, ಡೀಸೆಲ್ ಕಾರಿಗೆ ಹೇಳುವುದು ಒಂದೇ: ಟ್ಯಾಂಕ್ ಅರ್ಧವಾಗಿದ್ದಾಗಲೇ, ಅದೂ ಹಿಂದಿನ ಸಂಜೆ, ತುಂಬಿಸಿ. ಐದು ಜನ ಮತ್ತು ಸಾಮಾನು ಇದ್ದರೆ ಟೈರಿನ ಗಾಳಿಗೆ ಬಾಗಿಲ ಕಂಬದ ಚೀಟಿಯಲ್ಲಿರುವ ಪೂರ್ಣ ಭಾರದ ಅಂಕಿ ನೋಡಬೇಕು, ಟೈರ್ ತಣ್ಣಗಿದ್ದಾಗಲೇ ಅಳೆಯಬೇಕು.

ದಿನಗಳ ಅನುಕ್ರಮ. ಬಂದಿಳಿದ ಮರುದಿನ ಹತ್ತಿರದ್ದು, ಅರ್ಧ ಗಂಟೆಯ ಒಳಗಿನದು. ಊರಿನಿಂದ ಹೊರಬೀಳುವ ರಸ್ತೆಗಳ ಪರಿಚಯ ಅದರಲ್ಲೇ ಆಗುತ್ತದೆ. ದೂರದ್ದು ನಡುವೆ. ಎರಡು ದೂರದ ದಿನಗಳನ್ನು ಒಂದರ ಹಿಂದೊಂದು ಇಟ್ಟರೆ ಎರಡನೆಯ ಸಂಜೆ ಕಾರಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ಹೊರಡುವ ಹಿಂದಿನ ದಿನ ಮತ್ತೆ ಹತ್ತಿರದ್ದೇ: ಅಂದು ಟೈರ್ ಪಂಕ್ಚರ್ ಆದರೂ ಮರುದಿನದ ರೈಲು ತಪ್ಪಬಾರದು.

ಕೊನೆಗೆ ಪ್ರತಿ ದಿನಕ್ಕೂ ಒಂದು ಚೀಟಿ. ಅದರಲ್ಲಿ ಮೂರೇ ಹೊತ್ತು: ಹೊರಡುವುದು, ಮೊದಲ ಜಾಗ ಬಿಡುವುದು, ಎಲ್ಲಿದ್ದರೂ ಕಾರು ತಿರುಗಿಸುವುದು. ಮೂರನೆಯದನ್ನು ಕೆಂಪು ಶಾಯಿಯಲ್ಲಿ ಬರೆದು ಚಾಲಕರ ಕೈಗಲ್ಲ, ಪಕ್ಕದಲ್ಲಿ ಕೂರುವವರ ಕೈಗೆ ಕೊಡಬೇಕು. ನೆಟ್‌ವರ್ಕ್ ಸಿಗದ ಕಡೆಗಳಿಗೆ ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡಿರಬೇಕು. ಹಾಗೆ ಇಳಿಸಿದ ನಕ್ಷೆ ದಾರಿ ತೋರಿಸುತ್ತದೆ, ಮುಂದಿರುವ ಟ್ರಾಫಿಕ್ ತೋರಿಸುವುದಿಲ್ಲ.