ಗೆರಟೆ ಮಸಿಯೂ ಝೆಲಿನ್‌ಸ್ಕಿಯೂ

1915ರ ರಷ್ಯಾದ ಪೆಟ್ರೊಗ್ರಾಡ್. ಪ್ರಯೋಗಾಲಯದ ಖಾಲಿ ಕೋಣೆಯೊಂದರಲ್ಲಿ ಗಂಧಕ ಸುಟ್ಟು, ಉಸಿರು ಕಟ್ಟುವಷ್ಟು ಹೊಗೆ ತುಂಬಿಸಿದರು. ಆಮೇಲೆ ಮಸಿ, ಅಂದರೆ ಇದ್ದಿಲಿನ ಚೂರುಗಳನ್ನು ಕರವಸ್ತ್ರದಲ್ಲಿ ಸುತ್ತಿ ಮೂಗು ಬಾಯಿಗೆ ಒತ್ತಿಹಿಡಿದು ಒಳಗೆ ಹೋಗಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ನಿಂತರು. ಈ ಪ್ರಯೋಗ ನಡೆಸಿದವರು ರಷ್ಯಾದ ರಸಾಯನಶಾಸ್ತ್ರಜ್ಞ ನಿಕೊಲಾಯ್ ಝೆಲಿನ್‌ಸ್ಕಿ. ಕಾಸರಗೋಡಿನ ಬದಿಯಡ್ಕದ ಹತ್ತಿರ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಮಸಿ ಪರೀಕ್ಷಿಸಿ ಸಂಬಳ ಪಡೆಯುವ ನನಗೆ ಇವರು ಗುರುಸ್ಥಾನದಲ್ಲಿದ್ದಾರೆ.

ವಿಷದ ಸುಡುವಿಕೆ ಅವರಿಗೆ ಹೊಸತಲ್ಲ. ಯೌವನದಲ್ಲಿ ಜರ್ಮನಿಯ ಗಾಟಿಂಗನ್‌ನಲ್ಲಿ ವಿಕ್ಟರ್ ಮೇಯರ್ ಅವರ ಬಳಿ ಕಲಿಯುವಾಗ, ಮುಂದೆ ಮಸ್ಟರ್ಡ್ ಗ್ಯಾಸ್ ಎಂದು ಹೆಸರಾದ ರಾಸಾಯನಿಕ ಅವರ ಮೈ ಸುಟ್ಟು ಆಸ್ಪತ್ರೆ ಸೇರಿಸಿತ್ತು. 1911ರಲ್ಲಿ ಸರಕಾರದ ದಬ್ಬಾಳಿಕೆಯನ್ನು ಪ್ರತಿಭಟಿಸಿ ಮಾಸ್ಕೋ ವಿಶ್ವವಿದ್ಯಾಲಯದ ಹುದ್ದೆಯನ್ನೇ ಬಿಟ್ಟರು. ಹಾಗಾಗಿ ಮೊದಲ ಮಹಾಯುದ್ಧದ ಹೊತ್ತಿಗೆ ಪೆಟ್ರೊಗ್ರಾಡ್‌ನ ಹಣಕಾಸು ಇಲಾಖೆಯ ಪ್ರಯೋಗಾಲಯದಲ್ಲಿದ್ದರು.

ಆ ಯುದ್ಧದಲ್ಲಿ ಜರ್ಮನಿ ಶತ್ರು ಸೈನಿಕರ ಮೇಲೆ ಕ್ಲೋರಿನ್ ಎಂಬ ವಿಷದ ಗ್ಯಾಸ್ ಬಿಟ್ಟಾಗ ಎಲ್ಲರೂ ಕ್ಲೋರಿನ್‌ಗೆ ಮದ್ದು ಹುಡುಕುತ್ತಿದ್ದರು. ನಾಳೆ ಬೇರೆ ಗ್ಯಾಸ್ ಬಂದರೆ? ಸಡಿಲ ಮಣ್ಣಿಗೆ ಮುಖ ಒತ್ತಿ ಉಸಿರಾಡಿದ ಸೈನಿಕರು ಬದುಕಿದ ಸುದ್ದಿ ಝೆಲಿನ್‌ಸ್ಕಿಗೆ ತಲುಪಿತ್ತು. ಗ್ಯಾಸ್ ಯಾವುದೇ ಇರಲಿ, ಅದನ್ನು ಮೈಗಂಟಿಸಿಕೊಳ್ಳುವ ವಸ್ತು ಬೇಕು ಎಂದು ಅವರು ಮಸಿಯನ್ನು ಆರಿಸಿದರು. ನನಗೆ ದೊಡ್ಡದಾಗಿ ಕಾಣುವುದು ಈ ಯೋಚನೆಯೇ.

"ಈ ಕರಿ ಮಸಿಯಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದು ನನ್ನ ಮಾವ ಕೇಳುತ್ತಾರೆ. ಕೊಪ್ಪರ ತೆಗೆದ ಗೆರಟೆ ಅವರಿಗೆ ಬಚ್ಚಲೊಲೆಯ ಸೌದೆ. ಉಂಟು ಮಾವ, ಬೇಕಾದಷ್ಟು ಉಂಟು. ಗೆರಟೆ ಮಸಿಯನ್ನು 900 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ನೀರಿನ ಹಬೆಗೆ ಒಡ್ಡಿದರೆ ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳು ತೆರೆದುಕೊಳ್ಳುತ್ತವೆ. ಒಂದೇ ಗ್ರಾಮಿನ ಒಳಮೈ ಬಿಡಿಸಿ ಹಾಸಿದರೆ 1000 ಚದರ ಮೀಟರ್ ಆದೀತು. ಕಂದು ಅಯೋಡಿನ್ ದ್ರಾವಣಕ್ಕೆ ಆ ಪುಡಿ ಹಾಕಿ ಅಲುಗಾಡಿಸಿ ಸೋಸಿ, ಬಣ್ಣ ಎಷ್ಟು ಇಳಿಯಿತೆಂದು ಅಳೆಯುತ್ತೇನೆ. ಗ್ರಾಮಿಗೆ 1000 ಮಿಲಿಗ್ರಾಂ ಅಯೋಡಿನ್ ಹಿಡಿದರೆ ಒಳ್ಳೆಯ ಮಾಲು. ನೀರು ಶುದ್ಧಮಾಡುವ ಫಿಲ್ಟರಿಗೆ ಹೋಗುತ್ತದೆ. ಝೆಲಿನ್‌ಸ್ಕಿ ಬಳಸಿದ್ದು ಬರ್ಚ್ ಮರದ ಮಸಿ. ಅಮೆರಿಕದವರು ವಿಷದ ಗ್ಯಾಸ್ ತಡೆಯುವ ತಮ್ಮ ಮುಖವಾಡಗಳಿಗೆ ಗೆರಟೆ ಮಸಿ ಹಾಕಿದರು. ಅದು ಗಟ್ಟಿ, ರಂಧ್ರಗಳೂ ಬಹಳ ಸಣ್ಣವು.

ಝೆಲಿನ್‌ಸ್ಕಿಯ ಮಸಿಗೆ ಜೊತೆಯಾಗಿ ಕುಮ್ಮಂಟ್ ಎಂಬ ಎಂಜಿನಿಯರ್ ರಬ್ಬರಿನ ಮುಖಕವಚ ಮಾಡಿಕೊಟ್ಟರು. ವರದಿ 1915ರಲ್ಲೇ ಸಿದ್ಧವಿದ್ದರೂ ಮುಖವಾಡ ಸೈನಿಕರ ಕೈಸೇರಲು 1916 ಬೇಕಾಯಿತು. ನಡುವೆ ಸತ್ತವರನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಮುಂದೆ ಅವು ಕೋಟಿಗೂ ಮೀರಿ ತಯಾರಾದವು.

ಯುದ್ಧ ಮುಗಿಯುವ ಕಾಲಕ್ಕೆ ಝೆಲಿನ್‌ಸ್ಕಿ ಮಾಸ್ಕೋಗೆ ಮರಳಿದ್ದರು. ದೇಶದಲ್ಲಿ ಪೆಟ್ರೋಲಿಗೆ ಬರ. ಭಾರವಾದ ಎಣ್ಣೆಯನ್ನು ಅಲ್ಯೂಮಿನಿಯಂ ಕ್ಲೋರೈಡ್ ಸೇರಿಸಿ ಕಾಯಿಸಿ ಪೆಟ್ರೋಲ್ ಇಳಿಸುವ ದಾರಿ ತೋರಿಸಿದರು. 1953ರಲ್ಲಿ ತೀರಿಕೊಂಡರು. ಮಸಿ ಮುಖವಾಡಕ್ಕೆ ಅವರು ಪೇಟೆಂಟ್ ಕೇಳಲೇ ಇಲ್ಲ. ಜೀವ ಉಳಿಸುವ ವಸ್ತುವಿನಿಂದ ಲಾಭ ತೆಗೆಯುವುದು ಅವರಿಗೆ ಒಪ್ಪಿಗೆಯಿರಲಿಲ್ಲ.